ಮಿಕ್ಕ ಚಿಲ್ಲರೆ ಯಾರ ಪಾಲಿಗೆ?

ನಮ್ಮ ಸಂಘದ ಆಡಳಿತ ಮಂಡಳಿಗೆ ಚುನಾವಣೆ ಬಂತೆಂದರೆ ದೊಡ್ಡ ಊರಿಗೆ ಎಷ್ಟು ಸ್ಥಾನ, ಹಟ್ಟಿಗೆ ಎಷ್ಟು ಎಂಬ ಚರ್ಚೆ ಏಳುವುದು ಸದಸ್ಯ ಬಾಂಧವರಿಗೆಲ್ಲ ಗೊತ್ತಿರುವುದೇ. ತಲೆ ಎಣಿಸಿ ಹಂಚಿ ಅಂತ ಎಲ್ಲರೂ ಹೇಳುತ್ತೇವೆ. ಭಾಗಿಸಿದ ಮೇಲೆ ಶೇಷ ಉಳಿಯುತ್ತದಲ್ಲ, ತಕರಾರು ಅಲ್ಲಿಂದ ಶುರು. ಒಂದೂವರೆ ಸ್ಥಾನ ಬಂದ ಹಳ್ಳಿಗೆ ಅರ್ಧ ಡೈರೆಕ್ಟರನ್ನು ಕೊಡಲಾದೀತೆ? ಇದು ನಮ್ಮೊಬ್ಬರ ಜಗಳವಲ್ಲ. ಅಮೆರಿಕ ದೇಶ ಹುಟ್ಟಿದ ಹೊಸದರಲ್ಲೇ ಇದೇ ಜಗಳ ಆಡಿದೆ.

ಅಲ್ಲಿ 1790ರಲ್ಲಿ ಮೊದಲ ಜನಗಣತಿ ನಡೆಯಿತು. ಅದರಂತೆ ಶಾಸನಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಬೇಕಿತ್ತು. ಹಣಕಾಸು ನೋಡುತ್ತಿದ್ದ ಹ್ಯಾಮಿಲ್ಟನ್ ಬೆಂಬಲಿಸಿದ ಲೆಕ್ಕದಲ್ಲಿ ಒಟ್ಟು 120 ಸ್ಥಾನ. ಮೊದಲು ಪೂರ್ಣ ಸಂಖ್ಯೆ ಕೊಡುವುದು, ಆಮೇಲೆ ಶೇಷ ಯಾರಿಗೆ ಹೆಚ್ಚೋ ಅವರಿಗೆ ಒಂದೊಂದು. ಅಧ್ಯಕ್ಷ ವಾಷಿಂಗ್ಟನ್ನರು 1792ರ ಏಪ್ರಿಲ್ 5ರಂದು ಆ ಮಸೂದೆಯನ್ನು ತಿರಸ್ಕರಿಸಿ ವಾಪಸು ಕಳಿಸಿದರು. ಆ ದೇಶದಲ್ಲಿ ಅಧ್ಯಕ್ಷರೊಬ್ಬರು ಮಸೂದೆ ತಳ್ಳಿಹಾಕಿದ್ದು ಅದೇ ಮೊದಲು. ಕೊನೆಗೆ ಗೆದ್ದದ್ದು ಜೆಫರ್ಸನ್ನರ ಲೆಕ್ಕ: 33,000 ಜನಕ್ಕೆ ಒಂದು ಸ್ಥಾನ, ಶೇಷ ಎಷ್ಟಿದ್ದರೂ ಬಿಟ್ಟುಬಿಡುವುದು.

ನೋಡಲಿಕ್ಕೆ ಎಲ್ಲರಿಗೂ ಒಂದೇ ನಿಯಮ. ಆದರೆ ಕೂಡಿ ಕಳೆದು ನೋಡಿದರೆ ಬೇರೆಯೇ ಕಾಣುತ್ತದೆ. ದೊಡ್ಡ ರಾಜ್ಯ ವರ್ಜೀನಿಯಾದ ಲೆಕ್ಕದ ಜನ 6,30,560. ಸಿಕ್ಕಿದ್ದು 19 ಸ್ಥಾನ, ಬಿಟ್ಟುಹೋದವರು ಬರೀ 3,560. ಪುಟ್ಟ ಡೆಲಾವೇರಿನ ಜನ 55,540. ಸಿಕ್ಕಿದ್ದು ಒಂದೇ ಸ್ಥಾನ, ಬಿಟ್ಟುಹೋದವರು 22,540! ಹ್ಯಾಮಿಲ್ಟನ್ ಲೆಕ್ಕದಲ್ಲಾಗಿದ್ದರೆ ಅದಕ್ಕೆ ಎರಡು ಬರುತ್ತಿತ್ತು. ಜೆಫರ್ಸನ್, ವಾಷಿಂಗ್ಟನ್ ಇಬ್ಬರೂ ವರ್ಜೀನಿಯಾದವರೇ ಅನ್ನುವುದನ್ನು ನಾವು ಮರೆಯಬಾರದು. ಇನ್ನೂ ಹೇಸಿಗೆಯ ಮಾತೆಂದರೆ, ಐದು ಜನ ಗುಲಾಮರನ್ನು ಮೂರು ಜನ ಎಂದು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆ ಗುಲಾಮರಿಗೆ ಓಟಿಲ್ಲ. ಅವರ ತಲೆಯ ಮೇಲೆ ಬಂದ ಸ್ಥಾನದಲ್ಲಿ ಕೂರುವವರು ಯಜಮಾನರ ಕಡೆಯವರು.

ಈ ಪದ್ಧತಿ 50 ವರ್ಷ ನಡೆಯಿತು. ಆಮೇಲೆ ಹ್ಯಾಮಿಲ್ಟನ್ ಲೆಕ್ಕಕ್ಕೇ ಬಂದರು. ಅದರಲ್ಲೂ ಒಂದು ಎಡವಟ್ಟು! 1880ರ ಜನಗಣತಿಯ ನಂತರ ಗುಮಾಸ್ತರೊಬ್ಬರು ಲೆಕ್ಕ ಹಾಕಿದಾಗ, ಒಟ್ಟು 299 ಸ್ಥಾನವಾದರೆ ಅಲಬಾಮಾ ರಾಜ್ಯಕ್ಕೆ 8, ಒಂದು ಹೆಚ್ಚಿಸಿ 300 ಮಾಡಿದರೆ 7 ಬಂತು. ಬುಟ್ಟಿಗೆ ಇನ್ನೊಂದು ಹಣ್ಣು ಹಾಕಿದರೆ ಇವನ ಪಾಲಿನದೊಂದು ಕಡಿಮೆಯಾದ ಹಾಗೆ.

ನಮ್ಮ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನಲ್ಲಿ ಗ್ರಾಮ ಪಂಚಾಯಿತಿಗೆ 400 ಜನಕ್ಕೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯ ಅಂತಿದೆ. 'ಅದರ ಭಾಗಕ್ಕೆ' ಎಂಬ ಮಾತು ಸಣ್ಣದಲ್ಲ. 5,250 ಜನರಿದ್ದರೆ ಹದಿಮೂರಕ್ಕೆ ನಿಲ್ಲದೆ, ಮಿಕ್ಕ 50 ಜನಕ್ಕೂ ಸೇರಿ 14 ಸದಸ್ಯರು. ಆದರೆ ಇದು ಇಡೀ ಪಂಚಾಯಿತಿಯ ಲೆಕ್ಕ ಅಷ್ಟೆ. ಆ ಹದಿನಾಲ್ಕನೆಯ ಸ್ಥಾನ ದೊಡ್ಡ ಊರಿಗೋ ಹಟ್ಟಿಗೋ ಎಂಬುದನ್ನು ಮತ್ತೆ ಕೂತು ಮಾತಾಡಲೇಬೇಕು.