ರಸ್ತೆ ವಿಭಜಕವೂ ಕಿರುಗೆರೆಯಾಗಬಹುದೆ?

ಜೋರು ಮಳೆ ಬಂದಾಗ ಬೆಂಗಳೂರಿನ ಹಲಸೂರು ಅಥವಾ ಇಂದಿರಾನಗರದ ಯಾವುದಾದರೂ ಜೋಡಿರಸ್ತೆಯನ್ನು ಗಮನಿಸಿ. ರಸ್ತೆಯ ಅಂಚಿನಲ್ಲಿ ನೀರು ಹರಿಯುತ್ತಿರುತ್ತದೆ. ನಡುವಿನ ವಿಭಜಕದ ಗಿಡಗಳಿಗೆ ಅದರಲ್ಲಿ ಪಾಲಿಲ್ಲ. ಬೇಸಿಗೆಯಲ್ಲಿ ಅದೇ ಗಿಡಗಳಿಗೆ ಟ್ಯಾಂಕರ್ ನೀರು ಬೇಕು. ಹೀಗೇಕೆ? ಉತ್ತರ ಅರ್ಧ ಇತಿಹಾಸದಲ್ಲಿದೆ, ಅರ್ಧ ಭೌತವಿಜ್ಞಾನದಲ್ಲಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಶ್ಚಿಮದಲ್ಲಿ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೆ, ಪೂರ್ವದಲ್ಲಿ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ದೊಡ್ಡ ನದಿಯಿಲ್ಲದ ಈ ನೆಲದಲ್ಲಿ ಹಿರಿಯರು ಕಣಿವೆಯುದ್ದಕ್ಕೂ ಕೆರೆಗಳ ಸರಣಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಇಂಗಿದ ನೀರು ಸುತ್ತಲಿನ ಬಾವಿಗಳಿಗೆ.

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿತು. ಪರೇಡ್ ಮೈದಾನ, ಬಂಗಲೆಗಳ ವಿಶಾಲ ಅಂಗಳ ಎಲ್ಲವೂ ಮಳೆ ಹೀರುವ ಮಣ್ಣೇ ಆಗಿದ್ದವು. ದಂಡಿನ ನೀರಿಗಾಗಿ 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1974ರಲ್ಲಿ ಕಾವೇರಿ ನೀರು ಕೊಳವೆಯಲ್ಲಿ ಬಂದವು. ನಲ್ಲಿ ಬಂದಂತೆ ಕೆರೆಯ ನೆನಪು ಮಸುಕಾಯಿತು. ಮಿಲ್ಲರ್ಸ್ ಕೆರೆ ಇಂದು ಇಲ್ಲ. ರಸ್ತೆಯ ಹೆಸರಿನಲ್ಲಷ್ಟೇ ಉಳಿದಿದೆ. ಮಣ್ಣಿನ ಜಾಗಕ್ಕೆ ಡಾಂಬರು, ಕಾಂಕ್ರೀಟು ಬಂದವು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಅದರ ಬೆಲೆ ಎಲ್ಲರಿಗೂ ತಿಳಿಯಿತು.

ಈಗ ಒಂದು ಸರಳ ಲೆಕ್ಕ ಮಾಡೋಣ. 10 ಮೀಟರ್ ಅಗಲ, 1 ಕಿಲೋಮೀಟರ್ ಉದ್ದದ ರಸ್ತೆಯ ವಿಸ್ತೀರ್ಣ 10,000 ಚದರ ಮೀಟರ್. 20 ಮಿಲಿಮೀಟರ್ ಮಳೆ ಬಿದ್ದರೆ 200 ಘನ ಮೀಟರ್, ಅಂದರೆ 2 ಲಕ್ಷ ಲೀಟರ್ ನೀರು. ನಡುವೆ 2 ಮೀಟರ್ ಅಗಲದ ವಿಭಜಕವಿದ್ದು, ಅದನ್ನು ರಸ್ತೆಗಿಂತ 15 ಸೆಂಟಿಮೀಟರ್ ತಗ್ಗಿಸಿದರೆ 300 ಘನ ಮೀಟರ್ ಹಿಡಿಯುತ್ತದೆ. ತನ್ನ ಮೇಲೆಯೇ ಬೀಳುವ 40 ಘನ ಮೀಟರ್ ಸೇರಿದರೂ ಜಾಗ ಮಿಗುತ್ತದೆ. ಮಣ್ಣು ಗಂಟೆಗೆ 20 ಮಿಲಿಮೀಟರ್ ಹೀರುತ್ತದೆ ಎಂದಿಟ್ಟುಕೊಂಡರೆ ಸುಮಾರು 6 ಗಂಟೆಯಲ್ಲಿ ನೀರು ಇಂಗುತ್ತದೆ. ಸೊಳ್ಳೆ ಮರಿಯಾಗಲು ಅಷ್ಟು ಸಮಯ ಸಾಲದು.

ಹಾಗಾದರೆ ತೊಡಕೇನು? ನಮ್ಮ ಬಹುತೇಕ ರಸ್ತೆಗಳ ಇಳಿಜಾರು ನಡುವಿನಿಂದ ಅಂಚಿನತ್ತ. ವಿಭಜಕವೋ ಕಲ್ಲುಕಟ್ಟೆಯ ಮೇಲೆ ಎತ್ತರದಲ್ಲಿ. ಗುರುತ್ವ ನಮ್ಮ ಆಸೆಯನ್ನು ಕೇಳುವುದಿಲ್ಲ. ಇಳಿಜಾರನ್ನು ಒಳಮುಖವಾಗಿಸಿ, ಕಟ್ಟೆಯಲ್ಲಿ ಕಿಂಡಿ ಬಿಡಬೇಕು. ಹೆಚ್ಚಿನ ನೀರು ರಾಜಕಾಲುವೆ ಸೇರಲು ಕೋಡಿಯೂ ಬೇಕು. ರಸ್ತೆಯ ತಳಪಾಯ ನೆನೆಯದಂತೆ ಪಕ್ಕದಲ್ಲಿ ತಡೆಪೊರೆ ಇರಬೇಕು. ಸಿ.ಎಂ.ಎಚ್. ರಸ್ತೆಯಂತೆ ಮೆಟ್ರೊ ಕಂಬಗಳಿರುವಲ್ಲಿ ಅಡಿಪಾಯವನ್ನೂ ಪರಿಶೀಲಿಸಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ರಸ್ತೆ ತೊಳೆದ ನೀರಿನಲ್ಲಿ ಎಣ್ಣೆ, ಟೈರಿನ ಪುಡಿ, ಸತು, ಸೀಸಗಳಿರುತ್ತವೆ. ಅದನ್ನು ನೇರ ಕೊಳವೆಬಾವಿಗೆ ಇಳಿಸಿದರೆ ಬಂಡೆಯ ಬಿರುಕುಗಳಲ್ಲಿ ಸೋಸುವವರಾರು? ಬೇರು, ಮಣ್ಣು, ಮರಳಿನ ಪದರಗಳ ಮೂಲಕ ನಿಧಾನವಾಗಿ ಇಳಿದರೆ ಬಹುಪಾಲು ಕೊಳೆ ಮೇಲೆಯೇ ಉಳಿಯುತ್ತದೆ. 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರಿನ ಹರಿವಿನ ನಿಯಮವನ್ನು ಪ್ರಕಟಿಸಿದ್ದು ದಿಜಾನ್ ಊರಿನ ನೀರು ಸರಬರಾಜಿನ ಕೆಲಸದ ನಡುವೆಯೇ. ಅಮೆರಿಕದ ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜ್ಸ್ ಕೌಂಟಿಯಲ್ಲಿ 1990ರ ದಶಕದ ಆರಂಭದಲ್ಲಿ ಇಂಥ ಮಳೆತೋಟಗಳನ್ನು ರೂಪಿಸಲಾಯಿತು. ಮೇಲ್ಪದರದ ಹೂಳನ್ನು ಆಗಾಗ ತೆಗೆಯಬೇಕೆಂಬುದನ್ನು ಮರೆಯಬಾರದು. ಕೆರೆಗೂ ಈ ನಿಯಮವೇ ಇತ್ತು.

2009ರ ಕಾನೂನು ತಿದ್ದುಪಡಿ ಬೆಂಗಳೂರಿನ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ಚಾವಣಿಗೆ ಹೇಳಿದ ಪಾಠ ರಸ್ತೆಗೂ ಬೇಕಲ್ಲವೆ?

ಶಿಕ್ಷಕರೇ, ಎರಡೂ ಬದಿ ತೆರೆದ ಒಂದು ತಗಡಿನ ಡಬ್ಬಿಯನ್ನು ಶಾಲೆಯ ಮೈದಾನದಲ್ಲಿ ಅರ್ಧ ಹೂತು ನೀರು ತುಂಬಿಸಿ. ಮಟ್ಟ ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯುತ್ತದೆಂದು ಮಕ್ಕಳೇ ಅಳೆಯಲಿ. ತುಳಿದು ಗಟ್ಟಿಯಾದ ನೆಲದಲ್ಲಿ ಒಮ್ಮೆ, ಮರದ ಬುಡದಲ್ಲಿ ಒಮ್ಮೆ. ಎರಡು ಸಂಖ್ಯೆಗಳ ಅಂತರವೇ ನಗರ ಕಳೆದುಕೊಂಡಿರುವ ನೀರು.