ತಾಳ್ಮೆ ಎಂಬ ಪದದ ಹರವು

ತಾಳ್ಮೆ ಎಂಬ ನಾಮಪದಕ್ಕೆ ಮೂಲವಾದ ‘ತಾಳು’ ಧಾತುವಿನ ಅರ್ಥವ್ಯಾಪ್ತಿ ದೊಡ್ಡದು. ಭಾರವನ್ನು ಹೊತ್ತು ನಿಲ್ಲುವುದೂ ತಾಳುವುದೇ, ರೂಪವನ್ನು ಧರಿಸುವುದೂ ನಿಲುವನ್ನು ಹಿಡಿಯುವುದೂ ತಾಳುವುದೇ. ಬಹುಕಾಲ ಕೆಡದೆ ಉಳಿಯುವ ಗುಣವನ್ನು ತಾಳಿಕೆ ಎನ್ನುತ್ತಾರೆ. ಆದರೆ ಅವಸರಪಡುವವರಿಗೆ ‘ಸ್ವಲ್ಪ ತಾಳು’ ಎನ್ನುವ ರೂಢಿಯೇ ಮೇಲುಗೈ ಪಡೆದುದರಿಂದ, ತಾಳ್ಮೆಯೆಂದರೆ ಸುಮ್ಮನೆ ಕಾದು ಕುಳಿತಿರುವುದೆಂಬ ಕಿರಿದಾದ ಅರ್ಥ ಬಳಕೆಯಲ್ಲಿ ನೆಲೆಗೊಂಡಿದೆ. ಸತ್ಯವೇದವನ್ನು ಕನ್ನಡದಲ್ಲಿ ಓದುವ ಕ್ರೈಸ್ತರಿಗೆ, ಅದರಲ್ಲೂ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಓದುವಾಗ, ಇದು ಸಣ್ಣ ನಷ್ಟವಲ್ಲ.

ಆ ಪತ್ರಿಕೆಯ ಕರ್ತೃ ಯಾರೆಂಬುದು ದೇವರಿಗೇ ಗೊತ್ತೆಂದು 3ನೆಯ ಶತಮಾನದಲ್ಲಿಯೇ ಕ್ರೈಸ್ತ ವಿದ್ವಾಂಸ ಒರಿಗೆನನು ಹೇಳಿದ್ದನಾದರೂ, ಅದನ್ನು ಓದಬೇಕಾಗಿದ್ದವರ ಸ್ಥಿತಿ ಪತ್ರಿಕೆಯೊಳಗೇ ಸ್ಪಷ್ಟವಾಗಿದೆ. ಅವರು ಜನರೆದುರು ನಿಂದೆಗೆ ಗುರಿಯಾಗಿದ್ದರು, ಆಸ್ತಿಯನ್ನು ಕಳೆದುಕೊಂಡಿದ್ದರು, ಸೆರೆಯಲ್ಲಿದ್ದವರ ಸಂಕಟದಲ್ಲಿ ಪಾಲುಗೊಂಡಿದ್ದರು. ಈಗ ದಣಿದು, ಸಭೆಯಾಗಿ ಕೂಡುವುದನ್ನೂ ಅವರಲ್ಲಿ ಕೆಲವರು ಬಿಡತೊಡಗಿದ್ದರು. ಅವರು ಯೆಹೂದಿ ಮೂಲದ ವಿಶ್ವಾಸಿಗಳೆಂದೂ ಬಿಟ್ಟುಬಂದ ಹಳೆಯ ಆರಾಧನಾ ಕ್ರಮದತ್ತ ಅವರ ಮನಸ್ಸು ವಾಲುತ್ತಿತ್ತೆಂದೂ ಸಾಂಪ್ರದಾಯಿಕ ವ್ಯಾಖ್ಯಾನಕಾರರು ತಿಳಿಯುತ್ತಾರೆ. ಇಂಥವರಿಗೆ ಬೇಕಾದುದೆಂದು 10ನೆಯ ಅಧ್ಯಾಯ ಹೇಳುವ ತಾಳ್ಮೆಯ ಗುಣ ಗ್ರೀಕಿನಲ್ಲಿ ‘ಹುಪೊಮೊನೆ’: ‘ಹುಪೊ’ ಎಂದರೆ ಅಡಿಯಲ್ಲಿ, ‘ಮೆನೊ’ ಎಂದರೆ ನೆಲೆಸು, ಹೊರೆಯ ಅಡಿಯಲ್ಲಿದ್ದೂ ಜಾಗ ಬಿಡದಿರುವುದು ಅದರ ತಿರುಳು. ಕೋಪಕ್ಕೆ ನಿಧಾನವಾಗಿರುವ ಗುಣಕ್ಕೆ ಗ್ರೀಕಿನಲ್ಲಿ ‘ಮಕ್ರೊಥುಮಿಯ’ ಎಂಬ ಬೇರೆ ಪದವಿದ್ದು, ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಕನ್ನಡವು ಅದನ್ನು ದೀರ್ಘಶಾಂತಿ ಎಂದು ಸೊಗಸಾಗಿ ಕರೆದಿದೆ.

ಹಿಂದಿನದಕ್ಕೆ ಹಂಬಲಿಸುವ ಮನಸ್ಸಿನ ರೀತಿಯನ್ನು ಸತ್ಯವೇದದ ಅರಣ್ಯಕಾಂಡದ 11ನೆಯ ಅಧ್ಯಾಯಕ್ಕಿಂತ ನಿಷ್ಠುರವಾಗಿ ಚಿತ್ರಿಸಿದ ಬರಹ ವಿರಳ. ಮರಳುಗಾಡಿನಲ್ಲಿ ಮನ್ನವನ್ನು ತಿಂದು ಬೇಸತ್ತ ಇಸ್ರಾಯೇಲರು ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅಳುತ್ತಾರೆ. ಅವನ್ನು ಬಿಟ್ಟಿಯಾಗಿ ತಿನ್ನುತ್ತಿದ್ದೆವೆಂದು ಹೇಳಿಕೊಳ್ಳುವವರಿಗೆ ಅಲ್ಲಿ ತಮ್ಮಿಂದ ಮಾಡಿಸಿದ್ದ ಬಿಟ್ಟಿ ಚಾಕರಿ ಮಾತ್ರ ನೆನಪಾಗುವುದಿಲ್ಲ. ಇಬ್ರಿಯರ ಪತ್ರಿಕೆಯ 3ನೆಯ ಅಧ್ಯಾಯವೂ ಆ ತಲೆಮಾರನ್ನೇ ಎಚ್ಚರಿಕೆಯಾಗಿ ಮುಂದಿಡುತ್ತದೆ. ಹಾಗೆಂದು ಪತ್ರಿಕೆ ನೆನಪನ್ನೇ ನಿಷೇಧಿಸುವುದಿಲ್ಲವೆಂಬುದು ಗಮನಿಸಬೇಕಾದ ಸಂಗತಿ: ಪೂರ್ವದ ದಿನಗಳನ್ನು ನೆನಪಿಗೆ ತಂದುಕೊಳ್ಳಿರೆಂದು ಅದು ಹೇಳುವುದು, ಅಂದು ಕಷ್ಟವನ್ನು ತಾಳಿದವರು ಇಂದೂ ತಾಳಬಲ್ಲರೆಂಬ ಭರವಸೆ ಹುಟ್ಟಲೆಂದು. ಅಬ್ರಹಾಮಾದಿಗಳಿಗೂ ಬಿಟ್ಟುಬಂದ ದೇಶಕ್ಕೆ ಮರಳಲು ಅವಕಾಶವಿತ್ತೆಂದು 11ನೆಯ ಅಧ್ಯಾಯ ಮರೆಮಾಚದೆ ಒಪ್ಪುತ್ತದೆ. ದಾರಿ ತೆರೆದಿದ್ದರೂ ಅವರು ಹಿಂದಿರುಗಲಿಲ್ಲವೆಂಬುದರಲ್ಲಿಯೇ ಅವರ ನಂಬಿಕೆಯ ಘನತೆಯಿದೆ.

ಲ್ಯಾಟಿನ್ ಸತ್ಯವೇದದಲ್ಲಿ ಹುಪೊಮೊನೆ ‘ಪಾತಿಯೆಂತಿಯ’ ಎಂದಾಯಿತು. ಅನುಭವಿಸು, ಸಹಿಸು ಎಂಬ ಧಾತುವಿನಿಂದ ಬಂದ ಆ ಪದದಲ್ಲಿ ಸಹನೆಯ ಛಾಯೆಯೇ ಗಾಢವಾಗಿದೆ. ಆದರೆ ಆ ಛಾಯೆಯನ್ನಷ್ಟೇ ಹಿಡಿದು ಅನ್ಯಾಯಕ್ಕೆ ಒಳಗಾದವರ ಬಾಯಿ ಮುಚ್ಚಿಸಲು ತಾಳ್ಮೆಯ ಉಪದೇಶವನ್ನು ಬಳಸುವುದು ಪದಕ್ಕೂ ಪತ್ರಿಕೆಗೂ ಎಸಗುವ ದ್ರೋಹ, ಏಕೆಂದರೆ 12ನೆಯ ಅಧ್ಯಾಯದಲ್ಲಿ ಅದೇ ಹುಪೊಮೊನೆ ಓಟದ ಗುಣವಾಗಿ, ಓಡುವವನ ಕಾಲಿನ ಬಲವಾಗಿ ಬರುತ್ತದೆ. ಈ ಅಧ್ಯಾಯಗಳನ್ನು ಕನ್ನಡದಲ್ಲಿ ಬೋಧಿಸುವವರು ತಾಳ್ಮೆಯೆಂಬ ಪದವನ್ನು ಉಚ್ಚರಿಸುವಾಗ ತಾಳಿಕೆಯ ಅರ್ಥವನ್ನೂ ಜೊತೆಯಲ್ಲೇ ಬಿಡಿಸಿ ಹೇಳಬೇಕು.