ನಿಧಿಗಾವಲಿನ ಕಥೆ
ನಿಧಿಗಾವಲಿನ ಕಥೆ: ಹೂತಿಟ್ಟ ಸಂಪತ್ತನ್ನು ಘಟಸರ್ಪ, ಭೂತ ಅಥವಾ ಸತ್ತ ಒಡೆಯನ ಪ್ರೇತ ಕಾಯುತ್ತದೆಂಬ ನಂಬಿಕೆಯನ್ನು ಆಧರಿಸಿದ ಜನಪದ ಐತಿಹ್ಯ. ಕರ್ನಾಟಕದ ಹಲವೆಡೆ ಪ್ರಚಲಿತ. ಪಾಳೆಯಗಾರರ ಆಳ್ವಿಕೆ, ಮುತ್ತಿಗೆ, ಪಲಾಯನಗಳ ನೆನಪು ಇದರ ಹಿನ್ನೆಲೆ. ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ, ನಿಡುಗಲ್ಲು, ಚನ್ನರಾಯನದುರ್ಗದ ಗಿರಿದುರ್ಗಗಳೂ 1687ರಲ್ಲಿ ಮೊಗಲರ ವಶವಾದ ಶಿರಾ ಕೋಟೆಯೂ ಇಂಥ ಇತಿಹಾಸವುಳ್ಳ ನೆಲೆಗಳು.

ಹೊನ್ನಿನ ಕೊಪ್ಪರಿಗೆ, ಅಂಜನ ಹಾಕಿ ನೋಡುವ ಮಾಂತ್ರಿಕ, ಅಮಾವಾಸ್ಯೆಯ ಅಗೆತ, ಬಲಿಯ ಬೇಡಿಕೆ ಮುಖ್ಯ ಆಶಯಗಳು. ಆಸೆಬುರುಕನ ಸಾವು, ಹುಚ್ಚು ಅಥವಾ ವಂಶನಾಶ ಸಾಮಾನ್ಯ ಮುಕ್ತಾಯ. ದುರಾಸೆಯನ್ನು ಖಂಡಿಸುವ ಈ ಕಥೆಗಳೇ ನಿಧಿಯಾಸೆಗೂ ಇಂಬಾಗಿ, ಕೋಟೆ, ಗುಡಿ, ವೀರಗಲ್ಲುಗಳ ಧ್ವಂಸಕ್ಕೆ ಕಾರಣವಾಗಿವೆ. ನಿಧಿಶೋಧನೆಗಾಗಿ ನಡೆಸುವ ಅಮಾನವೀಯ ಆಚರಣೆ, ವಾಮಾಚಾರಗಳನ್ನು ಕರ್ನಾಟಕದ 2017ರ ಕಾಯ್ದೆ ನಿಷೇಧಿಸಿದೆ.